ಲಗಮಪ್ಪನನ್ನು ಕಾಯ್ದ ಅತ್ತೆ

ನನ್ನ ಸೋದರತ್ತೆಯ ಬಲಗೈ ತೋರುಬೆರಳು ಮಿಶ್ರಿ ತಿಕ್ಕಿ ತಿಕ್ಕಿ ಉಗುರಿನ ತನಕ ಕಪ್ಪಾಗಿತ್ತು. ಸುಟ್ಟ ತಂಬಾಕಿನ ಆ ಪುಡಿಯನ್ನು ದಿನಕ್ಕೆ ನಾಲ್ಕು ಸಲ ಹಲ್ಲಿಗೆ ಹಚ್ಚುತ್ತಿದ್ದಳು. ಮಾತಾಡುವಾಗ ಅದೇ ಬೆರಳನ್ನು ಎದುರಿದ್ದವರ ಮುಖಕ್ಕೆ ಹಿಡಿಯುತ್ತಿದ್ದಳು. ನಾನು ಹುಕ್ಕೇರಿಯಲ್ಲಿ ಹೈಸ್ಕೂಲ್ ಟೀಚರಾಗಿರುವುದು ಅವಳಿಗೆ ಹಂಗಿಸಲು ಒಂದು ನೆಪ. ಕಣಗಲಾದ ಅವಳ ಮನೆಯ ಬಾಗಿಲಿಗೆ ಹೋದರೆ ಸಾಕು, "ಬರ್ರಿ ಅಕ್ಕೋರ. ಇವತ್ತ ಯಾರ ಹೆಣಾ ಅಗ್ಯಾಕ ಬಂದೀರಿ?" ಎನ್ನುತ್ತಿದ್ದಳು.

ನನಗೂ ಅವಳಿಗೂ ಎಂದೂ ಸರಿಹೋಗಿರಲಿಲ್ಲ. ಪಲ್ಯಕ್ಕೆ ಉಪ್ಪಿಲ್ಲವೆಂದು ನನ್ನ ಮದುವೆಯ ಪಂಕ್ತಿಯಿಂದ ಎದ್ದು ಹೋದವಳು ಅವಳು. ಸೊಸೆ ಒಲೆಯ ಮುಂದೆ ಹಾಡು ಗುನುಗಿದರೂ ಸಹಿಸುತ್ತಿರಲಿಲ್ಲ. ಬೀದಿನಾಯಿಗೆ ಮಾತ್ರ ದಿನದ ಮೊದಲ ರೊಟ್ಟಿ ತಪ್ಪುತ್ತಿರಲಿಲ್ಲ.

ಅಪ್ಪ ತೀರಿಕೊಂಡ ಮೇಲೆ ಮೇಲವಂಕಿಯ ಹೊಲಕ್ಕೆ ನಮ್ಮ ಹೆಸರು ಹಚ್ಚಲು ಊರ ಜಮೀನಿನ ಲೆಕ್ಕ ಬರೆಯುವ ತಲಾಠಿ ವಂಶಾವಳಿ ಕೇಳಿದರು. ಮೂಲಪುರುಷನಿಂದ ಹಿಡಿದು ಎಲ್ಲರ ಹೆಸರು ಬೇಕು, ಎಲ್ಲ ಪಾಲುದಾರರ ಸಹಿಯೂ ಬೇಕು. ನಮ್ಮ ಮುತ್ತಜ್ಜ ಲಗಮಪ್ಪ. ಹೊರಗಿನಿಂದ ಕುರಿ ಹೊಡೆದುಕೊಂಡು ಬಂದು ಮೇಲವಂಕಿಯಲ್ಲಿ ನೆಲೆ ನಿಂತವನು. ಅಷ್ಟೇ ಗೊತ್ತಿತ್ತು. ಅವನ ಊರು ಯಾವುದೆಂದು ಹುಡುಕಲು ಹೊರಟೆ. ಅಪ್ಪನ ಸಾಲೆಯ ದಾಖಲೆಯಲ್ಲಿ ಮೂಲ ಊರು ಮಿರಜ ಎಂದಿತ್ತು. ಮೂಡಲಗಿಯ ದೊಡ್ಡಪ್ಪನ ಮಗ ಚೌಕಟ್ಟು ಹಾಕಿಸಿ ಗೋಡೆಗೆ ತೂಗಿಸಿದ್ದ ವಂಶವೃಕ್ಷದಲ್ಲಿ ಲಗಮಪ್ಪ ವಿಜಯಪುರದಿಂದ ಕುದುರೆಯೇರಿ ಬಂದ ಸರದಾರ. ಅವನ ಹೆಂಡತಿಯ ಹೆಸರು ಮಾತ್ರ ಎಲ್ಲಿಯೂ ಇರಲಿಲ್ಲ.

ಅಪ್ಪನ ತಲೆಮಾರಿನಲ್ಲಿ ಉಳಿದವಳು ಅತ್ತೆ ಒಬ್ಬಳೇ. ಮೊದಲ ಸಲ ಕೇಳಿದಾಗ ಲಗಮಪ್ಪ ಸಾಂಗೋಲೆಯವನು ಎಂದಳು, ಎರಡನೆಯ ಸಲ ಪಂಢರಪುರದವನು ಎಂದಳು. ಮೂರನೆಯ ಸಲ ಕೃಷ್ಣಾ ಹೊಳೆ ದಾಟುವಾಗ ಅವನ ಹೆಗಲ ಮೇಲೆ ಎಂಟು ಕುರಿಗಳಿದ್ದವು ಎಂದಾಗ ನಾನು ನಕ್ಕುಬಿಟ್ಟೆ. "ಸುಳ್ಳರ ಒಂದ ನಮೂನಿ ಹೇಳ ಅತ್ತಿ" ಎಂದೆ. ಅವಳು ನನ್ನ ಚೀಲವನ್ನು ಅಂಗಳಕ್ಕೆ ಒಗೆದಳು. ಇನ್ನೊಮ್ಮೆ ಹೊಸ್ತಿಲು ತುಳಿದರೆ ಕಾಲು ಮುರಿಯುತ್ತೇನೆಂದು ಓಣಿಗೆಲ್ಲ ಕೇಳುವಂತೆ ಹೇಳಿದಳು. ಬಸ್ಸಿನಲ್ಲಿ ಕುಳಿತಾಗ ನನಗೂ ಸಿಟ್ಟು ಇಳಿದಿರಲಿಲ್ಲ. ಮುದುಕಿಯ ಸುಳ್ಳನ್ನು ಹಿಡಿದೇ ತೀರಬೇಕೆಂದು ಹಟ ಬಂತು.

ಅಪ್ಪನ ಪೆಟ್ಟಿಗೆಯಲ್ಲಿ ಆ ಹೊಲದ ಹಳೆಯ ಮೋಡಿ ಲಿಪಿಯ ಕಾಗದವೊಂದಿತ್ತು. ನಮ್ಮಲ್ಲಿ ಯಾರಿಗೂ ಓದಲು ಬಾರದ್ದು. ಗೋಕಾಕದ ಕೋರ್ಟಿನ ಬಾಜೂಕ್ಕೆ ಅಂಥ ಕಾಗದ ಓದಿಕೊಡುವ ವಯಸ್ಸಾದ ಗುಮಾಸ್ತರೊಬ್ಬರಿದ್ದರು. ಅವರು ಭೂತಗನ್ನಡಿ ಹಿಡಿದು ಎರಡು ಸಲ ಓದಿದರು.

"ಇದು ಗಂಡಸಿನ ಹೆಸರ ಅಲ್ಲ ತಂಗಿ. ಲಗಮವ್ವಾ ಕೋಂ ಅಂತ ಐತಿ. ಕೋಂ ಅಂದ್ರ ಇಂಥವನ ಹೆಂಡತಿ ಅಂತ. ಮುಂದ ಗಂಡನ ಹೆಸರ ಬರೀಬೇಕು. ಖಾಲಿ ಬಿಟ್ಟಾರ."

ಮರುದಿನವೇ ಕಣಗಲಾಕ್ಕೆ ಹೋದೆ. ಗೆದ್ದವಳ ಹಾಗೆ ಹೋದೆ ಎಂದು ಒಪ್ಪಿಕೊಳ್ಳಬೇಕು. ಅತ್ತೆಗೆ ಓದು ಬಾರದು. ಕಾಗದವನ್ನು ಅವಳ ಮುಂದಿಟ್ಟು ಅದರಲ್ಲಿದ್ದದ್ದನ್ನು ಹೇಳಿದೆ. ಅವಳು ಬೈಯಲಿಲ್ಲ. ನನಗೆ ಬೆನ್ನು ಮಾಡಿ, ಗೋಡೆಯ ಕಡೆ ತಿರುಗಿ ಕುಳಿತು ಮಾತಾಡಿದಳು.

ಲಗಮವ್ವ ಅವಳ ಆಯಿ, ಅಂದರೆ ಅವಳ ಅಪ್ಪನ ತಾಯಿ. ಬರಗಾಲದಲ್ಲಿ ಕೃಷ್ಣೆಯಾಚೆಯ ಒಣಸೀಮೆ ಮಾಣದೇಶದಿಂದ ನಾಲ್ಕು ಕುರಿ ಹೊಡೆದುಕೊಂಡು, ಬಗಲಲ್ಲಿ ಒಂದು ಕೂಸು ಕಟ್ಟಿಕೊಂಡು ಬಂದವಳು. ಆ ಕೂಸೇ ನನ್ನ ಅಜ್ಜ. ಗಂಡ ಯಾರೆಂದು ಅವಳು ಸಾಯುವ ತನಕ ಯಾರಿಗೂ ಹೇಳಲಿಲ್ಲ. ಅತ್ತೆಗೆ ಹದಿನಾಲ್ಕು ತುಂಬಿದಾಗ ಗೋಕಾಕದ ಒಂದು ಮನೆಯವರು ನೋಡಲು ಬಂದರು. ಹುಡುಗಿಯ ಮುತ್ತ್ಯಾನ, ಅಂದರೆ ತಂದೆಯ ತಂದೆಯ, ಹೆಸರೇನೆಂದು ಹಿರಿಯರೊಬ್ಬರು ಕೇಳಿದರು. ಹೇಳಲು ಮನೆಯಲ್ಲಿ ಯಾರಿಗೂ ಹೆಸರು ಗೊತ್ತಿರಲಿಲ್ಲ. ಅವರು ಎಲೆ ಅಡಿಕೆ ಮುಟ್ಟದೆ ಎದ್ದು ಹೋದರು. ಮರುವರ್ಷ ಅವಳನ್ನು ಹೆಂಡತಿ ಸತ್ತಿದ್ದ ಕಣಗಲಾದವನೊಬ್ಬನಿಗೆ ಕೊಟ್ಟರು. ಅದಕ್ಕೂ ಮೊದಲೇ ನನ್ನ ಅಜ್ಜ, ಇಲ್ಲದ ಲಗಮಪ್ಪನೆಂಬ ಗಂಡಸನ್ನು ಹುಟ್ಟುಹಾಕಿ, ಮನೆಯವರಿಗೆಲ್ಲ ಅವನ ಹೆಸರು ಕಲಿಸಿದ್ದ.

"ನನ್ನ ಹೆಣ್ಮಕ್ಕಳ ಲಗ್ನಕ್ಕ ಕೆಲಸಕ್ಕ ಬಂದಾಂವ ಲಗಮಪ್ಪ" ಎಂದಳು ಅತ್ತೆ. "ನಿನ್ನ ಲಗ್ನಕ್ಕೂ ಆಂವನ ಬಂದಾನ. ಈಗ ನಿನಗ ಆಂವ ಬ್ಯಾಡಾದ."

ಕಾಗದವನ್ನು ಮಡಚಿಕೊಂಡೆ. ಇನ್ನು ಹೋಗು ಎಂದಳು, ಎದ್ದು ಬಂದೆ.

ಆದರೂ ವಂಶಾವಳಿಯಲ್ಲಿ ಸುಳ್ಳು ಬರೆಯಲು ಕೈ ಬರಲಿಲ್ಲ. ಮೇಲವಂಕಿಯ ಚಾವಡಿಯಲ್ಲಿ ಪಾಲುದಾರರೆಲ್ಲ ಸೇರಿದ ದಿನ ಎಲ್ಲಕ್ಕಿಂತ ಮೇಲೆ ಲಗಮವ್ವನ ಹೆಸರು ಹಾಕಿಕೊಂಡು ಹೋದೆ. ಮೂಡಲಗಿಯ ಅಣ್ಣ ಕಾಗದವನ್ನು ನನ್ನತ್ತ ದೂಡಿದ. ಗಂಡನ ಹೆಸರಿಲ್ಲದವಳ ವಂಶ ನಮ್ಮದೆಂದು ನಾವೇ ಬರೆದುಕೊಡಬೇಕೇ, ಮಕ್ಕಳ ಮುಂದೆ ತಲೆ ಎತ್ತುವುದು ಹೇಗೆ ಎಂದು ರೇಗಿದ. ಉಳಿದವರೂ ಅವನ ಕಡೆಗೇ ವಾಲಿದರು.

ಅಷ್ಟರಲ್ಲಿ ಕೋಲೂರಿಕೊಂಡು ಅತ್ತೆ ಬಂದಳು. ಒಬ್ಬಳೇ, ಬಸ್ಸು ಬದಲಿಸಿ ಬಂದಿದ್ದಳು. ನಾನು ಕರೆದಿರಲಿಲ್ಲ; ಅವಳೂ ಪಾಲುದಾರಳಾದ್ದರಿಂದ ತಲಾಠಿಯ ನೋಟೀಸು ಮುಟ್ಟಿತ್ತು. ನನ್ನ ವಿರುದ್ಧ ಹೇಳಲೆಂದೇ ಬಂದಳು ಎಂದುಕೊಂಡೆ. ಅಣ್ಣನೂ ಹಾಗೇ ತಿಳಿದು ಕುರ್ಚಿ ಬಿಟ್ಟುಕೊಟ್ಟ. ಅವಳು ಕೂರಲಿಲ್ಲ.

"ನಿಮ್ಮ ಲಗಮಪ್ಪನ್ನ ಯಾರರ ನೋಡೀರೇನು? ನಾ ಲಗಮವ್ವನ್ನ ನೋಡೀನಿ. ನನ್ನ ತೆಲಿ ಬಾಚಿದಾಕಿ ಆಕಿ. ಮೊದಲ ಆಕಿ ಹೆಸರ ಬರೀರಿ, ಆಮ್ಯಾಲ ನನ್ನ ಹೆಬ್ಬಟ್ಟ ತಗೋರಿ."

ಮುದುಕಿಗೆ ಅರಳುಮರಳು ಎಂದು ಅಣ್ಣ ಕೂಗಾಡಿ ಹೊರಟುಹೋದ. ತಲಾಠಿ ಬರೆದುಕೊಂಡರು. ಹೆಬ್ಬೆರಳಿನ ಶಾಯಿಯನ್ನು ಅತ್ತೆ ಸೀರೆಗೆ ಒರೆಸಿಕೊಂಡಳು. ಸಹಿಯಿಲ್ಲದೆ ತನ್ನ ಪಾಲೂ ನಿಂತುಹೋಗಿದೆಯೆಂದು ತಿಳಿದ ಮೇಲೆ, ಮೂರು ತಿಂಗಳ ನಂತರ ಅಣ್ಣನೂ ಸಹಿ ಹಾಕಿದ. ನನ್ನೊಡನೆ ಮಾತು ಮಾತ್ರ ಬಿಟ್ಟ.

ಚಾವಡಿಯಿಂದ ಹೊರಬಿದ್ದ ಆ ದಿನ ಬಸ್ಸಿಗಾಗಿ ನಿಂತಾಗ ಅತ್ತೆಯ ಕಾಲು ಮುಟ್ಟಲು ಬಾಗಿದೆ. ಅವಳು ಕಾಲು ಹಿಂದೆಳೆದುಕೊಂಡಳು.

"ನಿನ್ನ ಸಲುವಾಗಿ ಬಂದೀನಂತ ತಿಳಕೋಬ್ಯಾಡ. ಲಗ್ನ ಆದ ಮ್ಯಾಲ ಗಂಡನ ಮನಿಯವ್ರ ನಮ್ಮ ತವರಮನಿಗಿ ಬಂದಿದ್ರು. ಈ ಮುದುಕಿ ಯಾರ ಅಂತ ಕೇಳಿದ್ರು. ಕೆಲಸದಾಕಿ ಅಂದೆ. ಆಯಿ ಅಲ್ಲೇ ಕುಂತು ಕಾಳ ಹಸನ ಮಾಡಾಕತ್ತಿದ್ಳು. ತೆಲಿ ಎತ್ತಲಿಲ್ಲ."

ಬಸ್ಸು ಬಂತು. ಅವಳು ಹತ್ತಿದಳು. ಕಿಟಕಿಯಿಂದ ನನ್ನ ಕಡೆ ನೋಡಲಿಲ್ಲ.

ವರ್ಷದೊಳಗೆ ತೀರಿಕೊಂಡಳು. ಮೂಡಲಗಿಯವರು ಮಣ್ಣಿಗೆ ಬರಲಿಲ್ಲ. ನಾನು ಹೋದೆ. ಸಾಯುವ ಕಾಲಕ್ಕೆ ತನ್ನ ಅವ್ವನ ಬಾಯಿಂದ ಮನೆತನದ ಮಾನ ಕಳೆಯಿಸಿದವಳು ಎಂದು ಅವಳ ಮಗ ನನ್ನನ್ನು ಬೈದುಕೊಂಡು ತಿರುಗುತ್ತಿದ್ದ. ಅಂಗಳದಲ್ಲಿ ಕಂಡವನು ಮುಖ ತಿರುಗಿಸಿದ. ಹೆಣದ ಬಳಿ ಕುಳಿತಿದ್ದ ಗುರುತಿಲ್ಲದ ಹೆಂಗಸೊಬ್ಬಳು ನನಗೆ ಜಾಗ ಬಿಡುತ್ತ, ಇವರು ನಿಮಗೆ ಏನಾಗಬೇಕು ಎಂದು ಮೆಲ್ಲಗೆ ಕೇಳಿದಳು.

"ನಮ್ಮ ಅತ್ತಿ" ಎಂದೆ, ಅಂಗಳದವರೆಗೂ ಕೇಳಿಸುವಂತೆ.