ವರ್ಲೀನಳ ಪೈ ತಟ್ಟೆ

ವರ್ಲೀನ್ ಟ್ಯಾಕೆಟ್ ಶಾಲೆಯ ಅಡುಗೆಮನೆಯಲ್ಲಿ ಅರ್ಧ ಆಯುಷ್ಯ ಸವೆಸಿದವಳು. ಬಾಯಿ ಜೋರು, ಕೈ ಧಾರಾಳ. ಮಗಳು ಅಮಲಿನ ಮಾತ್ರೆಯ ಚಟಕ್ಕೆ ಬಿದ್ದು ಸತ್ತಾಗ ಮೊಮ್ಮಗಳು ಟೆಸ್ಸಿಗೆ ಇನ್ನೂ ಹಲ್ಲು ಮೂಡಿರಲಿಲ್ಲ. ಸರ್ಕಾರದವರು ಬಂದು ಮಗುವನ್ನು ಪಕ್ಕದೂರಿನ ದಂಪತಿಯ ಕೈಗೆ ಸಾಕಲು ಕೊಟ್ಟರು. "ಕೋರ್ಟು ಹೇಳೋವರೆಗೆ ಅಷ್ಟೇ" ಅಂದರು.

ಮಗು ತನಗೇ ಬೇಕೆಂದು ವರ್ಲೀನ್ ಅರ್ಜಿ ಹಾಕಿದಳು. ಆದರೆ ಕೋರ್ಟು ಹೇಳಬೇಕಲ್ಲ! ಇಡೀ ಹಾರ್ಲೊ ಕೌಂಟಿಗೆ, ಅಂದರೆ ಇಡೀ ಜಿಲ್ಲೆಗೆ, ಕುಟುಂಬ ನ್ಯಾಯಾಲಯದ ನ್ಯಾಯಾಧೀಶರು ಒಬ್ಬರೇ. ತಾರೀಕು ಬರುತ್ತಿತ್ತು, ಮುಂದೆ ಹೋಗುತ್ತಿತ್ತು. ವರ್ಲೀನ್ ಶನಿವಾರಕ್ಕೊಮ್ಮೆ ಹಣ್ಣು ತುಂಬಿ ಬೇಯಿಸಿದ ಪೈ ಡಬ್ಬಿಗೆ ಹಾಕಿಕೊಂಡು ಹೋಗಿ, ಒಂದು ಗಂಟೆ ಮಗುವಿನ ಮುಖ ನೋಡಿ ಬರುತ್ತಿದ್ದಳು. ಅದೂ ಒಂದು ಅಜ್ಜಿತನವೇ?

ಇನ್ನೊಬ್ಬ ನ್ಯಾಯಾಧೀಶರನ್ನು ಕೊಡುವ ಮಸೂದೆ ಕೆಂಟಕಿ ರಾಜ್ಯದ ಶಾಸನಸಭೆಗೆ ಬಂತು. ವರ್ಲೀನ್ ಬಸ್ಸು ಹತ್ತಿ ರಾಜಧಾನಿಗೆ ಹೋಗಿ ಸಮಿತಿಯ ಮುಂದೆ ನಿಂತಳು. "ಮಸೂದೆ ಮಡಚಿಟ್ರೆ ಇಟ್ಟಲ್ಲೇ ಇರ್ತದೆ ಸ್ವಾಮಿ. ಮಗು ಹಾಗಿರಲ್ಲ, ಬೆಳೀತದೆ" ಅಂದಳು. ಮಸೂದೆ ಪಾಸಾಯಿತು. ಅಲ್ಲಿ ನ್ಯಾಯಾಧೀಶರನ್ನೂ ಜನರೇ ಓಟು ಹಾಕಿ ಆರಿಸುವುದು. ಹೊಸ ಹುದ್ದೆಯ ಚುನಾವಣೆಯಲ್ಲಿ ಗೆದ್ದವಳು ಅದೇ ಊರಿನ ಹುಡುಗಿ, ಲೋರಾ ಕಾಡಿಲ್. ಟೆಸ್ಸಿಯ ಕೇಸು ಅವಳ ಪಾಲಿಗೇ ಬಂತು.

ಲೋರಾಳ ಪ್ರಮಾಣವಚನದ ದಿನ ಚರ್ಚಿನ ಹಾಲ್‌ನಲ್ಲಿ ಊಟ. ಮನೆಗೊಂದು ಪಾತ್ರೆ ಅಡುಗೆ, ಪಾತ್ರೆಯ ಅಡಿಯಲ್ಲಿ ಅಂಟುಪಟ್ಟಿಯ ಮೇಲೆ ಮನೆಯವಳ ಹೆಸರು. ವರ್ಲೀನಳ ಬ್ಲ್ಯಾಕ್‌ಬೆರಿ ಪೈ ಎಲ್ಲಕ್ಕಿಂತ ಮೊದಲು ಖಾಲಿಯಾಯಿತು.

ಆ ಸೀಮೆಯಲ್ಲಿ ಪಾತ್ರೆಯನ್ನು ಖಾಲಿ ಹಿಂದಿರುಗಿಸುವುದಿಲ್ಲ. ಲೋರಾ ಪೈ ತಟ್ಟೆಯ ಪಟ್ಟಿಯ ಮೇಲಿನ ಹೆಸರು ನೋಡಿ, ಅದರ ತುಂಬ ಬಿಸ್ಕತ್ತು ಹಾಕಿಕೊಂಡು ತಾನೇ ವರ್ಲೀನಳ ಮನೆಗೆ ಬಂದಳು. ಕೇಸಿನ ಕಾಗದಗಳನ್ನು ಅವಳಿನ್ನೂ ತೆರೆದಿರಲಿಲ್ಲ. ವರ್ಲೀನ್ ಅವಳನ್ನು ಜಗಲಿಯಲ್ಲಿ ಕೂರಿಸಿ, ವರ್ಷಗಳಿಂದ ಹೊಟ್ಟೆಯಲ್ಲಿಟ್ಟುಕೊಂಡದ್ದನ್ನೆಲ್ಲ ಒಂದೇ ಉಸಿರಿಗೆ ಸುರಿದಳು. ಮಗಳು, ಮಗು, ಶನಿವಾರ.

"ಬರೋ ವಾರ ನಿನ್ನ ಮುಂದೇನೇ ಬರ್ತದಲ್ಲಮ್ಮ ಕೇಸು" ಅಂದಾಗ ಲೋರಾ ದಡಕ್ಕನೆ ಎದ್ದಳು.

"ವರ್ಲೀನಮ್ಮ, ಇದು ನಿಮ್ದೇ ಕೇಸಾ? ಹಾಗಾದ್ರೆ ಇನ್ನು ನಾನು ಮುಟ್ಟೋ ಹಾಗಿಲ್ಲ. ಒಬ್ಬರ ಕಡೆ ಮಾತು ಮನೇಲಿ ಕೂತು ಕೇಳಿಬಿಟ್ಟೆ."

"ನಾನೇನು ಲಂಚ ಕೊಟ್ನಾ ತಾಯಿ? ನೀನು ಪೈ ತಿಂದೆ, ತಟ್ಟೆ ವಾಪಸ್ ತಂದೆ. ಅಷ್ಟೇ ಅಲ್ವಾ?"

"ಅಷ್ಟೇ" ಅಂದಳು ಲೋರಾ. ಅವಳ ಕಣ್ಣಲ್ಲೂ ನೀರಿತ್ತು. ನೀರಿದ್ದರೇನು ಬಂತು? ಕೇಸು ಹಳೆಯ ನ್ಯಾಯಾಧೀಶರ ಸಾಲಿನ ಬಾಲಕ್ಕೆ ಹೋಯಿತು.

ಎರಡು ಚಳಿಗಾಲ ಕಳೆದ ಮೇಲೆ ಆ ಮುದುಕ ತೀರ್ಪು ಹೇಳಿದ. "ಕೇಸು ಮೊದಲೇ ವಿಚಾರಣೆಗೆ ಬಂದಿದ್ರೆ ಮಗೂನ ನಿಮಗೇ ಕೊಡ್ತಿದ್ದೆ ತಾಯಿ. ಈಗ ಮಗು ಅಲ್ಲಿ ಬೇರೂರಿದೆ, ಕೀಳೋದು ಹೇಗೆ?" ಸಾಕಿದವರಿಗೇ ದತ್ತು ಎಂದಾಯಿತು. ಅವರು ದೂರದ ರಾಜ್ಯಕ್ಕೆ ಹೊರಟಿದ್ದರು. ವರ್ಲೀನಳ ಎದೆ ಒಡೆಯಿತು. ಜಗಳವಾಡಲು ಯಾರೂ ಕೆಟ್ಟವರಿರಲಿಲ್ಲ, ಅದೇ ಸಂಕಟ.

ಕೊನೆಯ ಶನಿವಾರ ಟೆಸ್ಸಿ ಸಾಕುತಾಯಿಯ ಕೈ ಬಿಡಿಸಿಕೊಂಡು ಓಡಿ ಬಂದು, ಹಿಂದಿನ ವಾರದ ಪೈ ಡಬ್ಬಿಯನ್ನು ಅಜ್ಜಿಯ ಮಡಿಲಿಗೆ ಹಾಕಿದಳು. ಡಬ್ಬಿ ಭಾರವಾಗಿತ್ತು. ಒಳಗೆ ಬಿಸ್ಕತ್ತು.

"ಇದ್ಯಾಕೆ ಪುಟ್ಟಿ?"

"ಖಾಲಿ ಡಬ್ಬಿ ವಾಪಸ್ ಕೊಡಬಾರ್ದಂತೆ ಅಜ್ಜಿ. ಅಮ್ಮ ಹೇಳಿದ್ಲು."

ವರ್ಲೀನ್ ಒಂದು ಬಿಸ್ಕತ್ತು ಬಾಯಿಗಿಟ್ಟುಕೊಂಡು ನಿಧಾನವಾಗಿ ಅಗಿದಳು.

"ಹೌದು ಕಂದ" ಅಂದಳು, "ನಿಮ್ಮಮ್ಮ ಸರಿಯಾಗೇ ಹೇಳಿದಾಳೆ."