ಕೈ ಜುಮ್ ಅಂತಾವ

ನಮ್ಮ ಅತ್ತೆ ಸತ್ತದ್ದು ಅರಿವೆ ಒಣಹಾಕುವ ತಂತಿ ಹಿಡಿದು. ಬೆಟಗೇರಿಯ ನಮ್ಮ ಓಣಿಯಲ್ಲಿ ಇದು ಎಲ್ಲರಿಗೂ ಗೊತ್ತು. ಆ ತಂತಿ ಹಿತ್ತಲಿಗೆ ಬಂದದ್ದು ನನ್ನ ಹಟದಿಂದ ಎನ್ನುವುದೂ ಸುಮಾರು ಜನರಿಗೆ ಗೊತ್ತು. ಅವರಿಗೆ ಗೊತ್ತಿಲ್ಲದ್ದು ಒಂದು ಉಳಿದಿದೆ. ನನ್ನ ಗಂಡನಿಗೂ ಅದು ಗೊತ್ತಿಲ್ಲ. ಅದನ್ನು ಹೇಳಬೇಕೆಂದೇ ಕೂತಿದ್ದೇನೆ, ಆದರೆ ಹಗ್ಗದಿಂದ ಶುರು ಮಾಡದಿದ್ದರೆ ಅಲ್ಲಿಗೆ ತಲುಪಲಾರೆ.

ತಂತಿಗಿಂತ ಮೊದಲು ನಮ್ಮ ಹಿತ್ತಲಲ್ಲಿ ಹಗ್ಗವಿತ್ತು. ಅತ್ತೆಯೇ ಹೊಸೆದದ್ದು. ಎರಡು ಎಳೆ ಕೂಡಿಸಿ ಬಿಗಿಯಾಗಿ ಹುರಿಗೊಳಿಸಿ, ಬಚ್ಚಲ ಮನೆಯ ಮೂಲೆಯಿಂದ ಬೇವಿನ ಗಿಡದವರೆಗೆ ಕಟ್ಟಿದ್ದರು. ಅರಿವೆಯ ತುದಿಯನ್ನು ಆ ಎರಡು ಎಳೆಗಳ ನಡುವೆ ಸಿಗಿಸಿಬಿಟ್ಟರೆ ಸಾಕು, ಕ್ಲಿಪ್ಪು ಬೇಕಾಗಿರಲಿಲ್ಲ. ಆಷಾಢದಲ್ಲಿ ನಮ್ಮ ಕಡೆ ಬೀಸುವ ಗಾಳಿ ನೋಡಿದವರಿಗೆ ಗೊತ್ತು, ಮನೆಯ ಹಂಚೇ ಅಲುಗಾಡುತ್ತದೆ. ಅಂಥ ಗಾಳಿಯಲ್ಲೂ ಅತ್ತೆ ಸಿಗಿಸಿದ ಸೀರೆ ಜಪ್ಪಯ್ಯ ಎಂದರೂ ಕದಲುತ್ತಿರಲಿಲ್ಲ. ನಾನು ಸಿಗಿಸಿದ್ದು ಮಾತ್ರ ಆಚೆ ಮನೆಯ ಹಿತ್ತಲಲ್ಲಿ ಹೋಗಿ ಬೀಳುತ್ತಿತ್ತು.

ಮಗ್ಗದ ಮನೆ ನಮ್ಮದು. ನನ್ನ ಗಂಡ ನೇಯುತ್ತಾರೆ, ಅತ್ತೆ ಪಕ್ಕದಲ್ಲಿ ಕೂತು ಕಂಡಿಕೆ ಸುತ್ತಿ ಕೊಡುತ್ತಿದ್ದರು. ಲಾಳಿಯೊಳಗೆ ನೂಲು ತುಂಬಿಡುವ ಸಣ್ಣ ಕೊಳವೆಗಳಿಗೆ ಕಂಡಿಕೆ ಎನ್ನುತ್ತಾರೆ. ಐವತ್ತು ವರ್ಷ ಅದನ್ನೇ ಸುತ್ತಿದ ಕೈ ಅದು. ನಾನು ಮಾತ್ರ ಮಗ್ಗಕ್ಕೆ ಕೈ ಹಚ್ಚಿದವಳಲ್ಲ. ಮದುವೆಯಾದ ಎರಡನೇ ವರ್ಷದಿಂದ ಗದಗಿನ ಒಂದು ಔಷಧ ಅಂಗಡಿಯಲ್ಲಿ ಕೌಂಟರಿನ ಹಿಂದೆ ನಿಂತಿದ್ದೇನೆ. ಮಾಲೀಕರಿಗೆ ನಾವು ಬಿಳಿ ಕೋಟು ಹಾಕಲೇಬೇಕು, ಅದರ ಮೇಲೆ ಒಂದು ಕಲೆ ಇರಬಾರದು. ನನ್ನ ಹತ್ತಿರ ಎರಡು ಕೋಟಿದ್ದವು. ಒಂದು ಮೈಮೇಲೆ, ಒಂದು ಹಗ್ಗದ ಮೇಲೆ.

ಜಗಳ ಹುಟ್ಟಿದ್ದು ಅಲ್ಲಿಂದ. ಅತ್ತೆಯ ಕೆಂಪು ದಡಿಯ ಸೀರೆ ಬಣ್ಣ ಬಿಡುತ್ತಿತ್ತು, ಆ ಬಣ್ಣವನ್ನು ಹಗ್ಗ ಕುಡಿಯುತ್ತಿತ್ತು, ಮರುದಿನ ನನ್ನ ಕೋಟಿನ ಬೆನ್ನ ಮೇಲೆ ನೆಟ್ಟಗೆ ಒಂದು ಕೆಂಪು ಗೆರೆ. ಸಾಲದ್ದಕ್ಕೆ ತೊಯ್ದ ಭಾರಕ್ಕೆ ಹಗ್ಗ ಜೋಲು ಬಿದ್ದು ಅಂಚೆಲ್ಲ ಕೆಸರು. ಮೂಗಿನ ತುದಿಯಲ್ಲೇ ಸಿಟ್ಟಿರುವವಳು ನಾನು. ಒಂದು ದಿನ ಕೋಟನ್ನು ತಂದು ಗಂಡನ ಮಗ್ಗದ ಮೇಲೆಯೇ ಎಸೆದೆ. "ಈ ಹಗ್ಗ ಇರತೈತಿ, ಇಲ್ಲಾ ನಾ ಇರತೇನಿ" ಎಂದೆ. ಪಾಪ, ಅವರು ಆ ಸಂಜೆಯೇ ಕಬ್ಬಿಣದ ತಂತಿ ತಂದು ಬಿಗಿದರು. ಒಂದು ತುದಿ ಬೇವಿನ ಗಿಡಕ್ಕೆ. ಇನ್ನೊಂದು ತುದಿ ಬಚ್ಚಲಿನ ತಗಡಿನ ಮಾಡಿಗೆ.

ಅತ್ತೆ ಹಗ್ಗವನ್ನು ಬಿಚ್ಚಿ, ಸುರುಳಿ ಸುತ್ತಿ, ಒಳಗೆ ಒಯ್ದರು. ಹೊಸ ತಂತಿಯ ಮುಂದೆ ನಿಂತು ಒಂದು ಪಂಚೆಯನ್ನು ಸಿಗಿಸಲಿಕ್ಕೆ ನೋಡಿದರು, ಸಿಗಿಸುವುದಕ್ಕೆ ಅಲ್ಲಿ ಎಳೆಯೇ ಇರಲಿಲ್ಲ. "ಇದರಾಗ ಹಿಡಿಯೂದು ಏನೂ ಇಲ್ಲಲ್ಲವ್ವಾ" ಎಂದರು. ನಾನು ಒಂದು ಡಜನ್ ಕ್ಲಿಪ್ಪು ತಂದುಕೊಟ್ಟೆ. ಗೆದ್ದೆ ಎಂದು ಆ ದಿನ ನನಗೆ ಖುಷಿಯಾಗಿತ್ತು, ಸುಳ್ಳು ಯಾಕೆ ಹೇಳಲಿ.

ಮುಂದಿನ ಮಳೆಗಾಲ ಹಿಡಿದ ಮೇಲೆ ಅವರ ಮಾತು ಶುರುವಾಯಿತು. "ಯಾಕೋ ಕೈ ಜುಮ್ ಅಂತಾವ" ಎನ್ನುತ್ತಿದ್ದರು.

ಇಲ್ಲಿ ಸ್ವಲ್ಪ ನಿಲ್ಲಬೇಕು. ನಮ್ಮ ಕಡೆ ಜುಮ್ ಎನ್ನುವುದು ಹತ್ತು ಕಡೆ ಓಡಾಡುವ ಮಾತು. ಬಹಳ ಹೊತ್ತು ಕೂತು ಕಾಲಿಗೆ ಜೋಮು ಹಿಡಿದರೂ ಜುಮ್, ಚಳಿಗೆ ಮೈ ನಡುಗಿದರೂ ಜುಮ್, ಕರೆಂಟು ತಾಗಿದರೂ ಜುಮ್. ನನ್ನ ಕೌಂಟರಿನಲ್ಲಿ ಮಾತ್ರ ಅದಕ್ಕೆ ಒಂದೇ ಅರ್ಥವಿತ್ತು. ದಿನಕ್ಕೆ ಎಷ್ಟು ಮಂದಿ ಬಂದು ಕೈ ಚಾಚಿ "ಅಕ್ಕಾರ, ಕೈ ಕಾಲು ಜುಮ್ ಅಂತಾವರಿ" ಎನ್ನುತ್ತಾರೋ ಲೆಕ್ಕವಿಲ್ಲ. ಶಿರಹಟ್ಟಿಯಿಂದ ಬಂದವರು, ಮುಂಡರಗಿಯಿಂದ ಬಂದವರು, ಎಲ್ಲರ ಬಾಯಲ್ಲೂ ಅದೇ. ಚೀಟಿ ನೋಡಿದರೆ ಬಹುತೇಕ ಸಕ್ಕರೆ ಬ್ಯಾನಿಯವರು. ನರಕ್ಕೆ ಕೊಡುವ ಕೆಂಪು ಗುಳಿಗೆ ಎಲ್ಲಿದೆ ಎಂದು ನನ್ನ ಕೈಗೆ ಕಣ್ಣು ಮುಚ್ಚಿಕೊಂಡೂ ಗೊತ್ತು.

ಅತ್ತೆಯನ್ನು ಕರೆದೊಯ್ದು ರಕ್ತ ತೋರಿಸಿದೆ. ಸಕ್ಕರೆ ಇತ್ತು. ಹೆಚ್ಚೇನಲ್ಲ, ಆದರೆ ಇತ್ತು. ಡಾಕ್ಟರು ಬರೆದುಕೊಟ್ಟರು, ನಾನು ಗುಳಿಗೆ ತಂದೆ, ಮುಗಿಯಿತು. ನನ್ನ ಮಾತು ಖರೆ ಆಯಿತಲ್ಲ ಎಂಬ ಸಮಾಧಾನ ಬೇರೆ.

ಹತ್ತು ದಿನ ಬಿಟ್ಟು ಅವರು ಮತ್ತೆ ಹೇಳಿದರು. ಈ ಸಲ ಸರಿಯಾಗಿಯೇ ಹೇಳಿದರು.

"ಸುಮ್ಮ ಕುಂತಾಗ ಏನೂ ಇಲ್ಲವ್ವಾ. ಕಂಡಿಕಿ ಸುತ್ತಾಗೂ ಇಲ್ಲ. ಆ ತಂತಿ ಮುಟ್ಟಿದ್ರ ಜುಮ್ ಅಂತಾವ. ಅದೂ ದಿನಾ ಅಲ್ಲ, ಒಮ್ಮೊಮ್ಮಿ."

ಇದಕ್ಕಿಂತ ಬಿಡಿಸಿ ಒಬ್ಬ ಮನುಷ್ಯ ಹೇಗೆ ಹೇಳಬೇಕು? ಆದರೆ ನನಗೆ ಕೇಳಿಸಿದ್ದು ಬೇರೆ. ಹಳೆಯ ಹಗ್ಗದ ಜಗಳ ಇನ್ನೂ ಇವರ ಹೊಟ್ಟೆಯಲ್ಲಿದೆ, ತಂತಿ ಬಿಚ್ಚಿಸಲಿಕ್ಕೆ ನೆಪ ಹುಡುಕುತ್ತಿದ್ದಾರೆ ಎಂದುಕೊಂಡೆ. ಸೀದಾ ಹಿತ್ತಲಿಗೆ ಹೋಗಿ ಎರಡೂ ಕೈಯಿಂದ ತಂತಿ ಹಿಡಿದು ನಿಂತೆ.

"ನೋಡ್ರಿ, ನಾ ಹಿಡದೇನಿ. ನನಗೇನಾತು? ತಂತಿದಲ್ಲ ಅದು, ನಿಮ್ಮ ಸಕ್ಕರಿದು. ಗುಳಿಗಿ ತಪ್ಪಸಬ್ಯಾಡ್ರಿ ಅಷ್ಟ."

ಅತ್ತೆ ನನ್ನ ಮುಖ ನೋಡಿದರು, ತಂತಿ ನೋಡಿದರು, ತಮ್ಮ ಅಂಗೈ ನೋಡಿಕೊಂಡರು. "ಇರಬಹುದು ಬಿಡು. ಕಲತಾಕಿ ನೀ" ಎಂದರು. ಅದರಲ್ಲಿ ಕೊಂಕು ಇರಲಿಲ್ಲ. ಇದ್ದಿದ್ದರೆ ಈಗ ನನಗೆ ಸ್ವಲ್ಪ ಹಗುರವಾಗುತ್ತಿತ್ತು.

ಆ ದಿನ ನನ್ನ ಕಾಲಲ್ಲಿ ರಬ್ಬರ್ ಚಪ್ಪಲಿ ಇತ್ತು. ಅತ್ತೆ ಹಿತ್ತಲಲ್ಲಿ ಎಂದೂ ಚಪ್ಪಲಿ ಹಾಕಿದವರಲ್ಲ. ಬೇವಿನ ಬುಡದಲ್ಲಿ ಅವರು ಪೂಜೆ ಮಾಡುವ ಕಲ್ಲು ಒಂದಿತ್ತು, ಅದರ ಎದುರು ಚಪ್ಪಲಿ ಮೆಟ್ಟಿ ನಡೆಯುವುದಿಲ್ಲ ಎಂಬುದು ಅವರ ನೇಮ. ನನಗೆ ಅಂಥ ನೇಮ ಇರಲಿಲ್ಲ. ನಾನು ಉಳಿದೆ.

ಅದಾದ ಮೇಲೆ ಅವರು ತಂತಿಯ ಮಾತು ಎತ್ತಲಿಲ್ಲ. ನೂಲಿನ ಲಡಿ ತೂಗುಹಾಕುತ್ತಿದ್ದ ಹಳೆಯ ಬಿದಿರ ಗಳವೊಂದು ಮುರಿದು ಬಿದ್ದಿತ್ತು. ಅದರ ತುಂಡನ್ನು ತೆಗೆದುಕೊಂಡು, ಅರಿವೆಯನ್ನು ಅದರ ತುದಿಯಿಂದ ಎತ್ತಿ ತಂತಿಯ ಮೇಲೆ ಚೆಲ್ಲುತ್ತಿದ್ದರು. ತೆಗೆಯುವಾಗಲೂ ಕೋಲಿನಿಂದಲೇ. ಕ್ಲಿಪ್ಪು ಹಾಕುತ್ತಿರಲಿಲ್ಲ. ಗಾಳಿಗೆ ಬಿದ್ದರೆ ಮತ್ತೆ ಎತ್ತುತ್ತಿದ್ದರು. ಕೋಲನ್ನು ಹಿತ್ತಲ ಬಾಗಿಲಿನ ಒಳಗೆ, ತೊಯ್ಯದ ಕಡೆ ಇಡುತ್ತಿದ್ದರು. ನಾನು ನಗುತ್ತಿದ್ದೆ. "ಅರಿವಿ ಮೈಲಿಗಿ ಆಗ್ಯಾವೇನ್ರಿ ಅತ್ತಿ, ಕೋಲಿಲೆ ಮುಟ್ಟಾಕತ್ತೀರಿ?" ಎಂದು ಬಂದವರ ಎದುರಿಗೂ ಆಡಿಕೊಂಡಿದ್ದೇನೆ. ಅವರೂ ನಗುತ್ತಿದ್ದರು. "ಹಂಗ ರೂಢಿ ಆಗೇತಿ" ಎನ್ನುತ್ತಿದ್ದರು.

ಅವತ್ತು ನನ್ನ ಗಂಡ ನೇಯ್ದ ಸೀರೆ ಕೊಟ್ಟು ಬರಲಿಕ್ಕೆ ಲಕ್ಷ್ಮೇಶ್ವರಕ್ಕೆ ಹೋಗಿದ್ದರು. ಮನೆಯಲ್ಲಿ ಅತ್ತೆ ಒಬ್ಬರೇ. ಮಧ್ಯಾಹ್ನ ಮೂರರ ಹೊತ್ತಿಗೆ ಗದಗಿನಲ್ಲಿ ಮೋಡ ಕಟ್ಟಿ, ಅಂಗಡಿಯ ಎದುರಿನ ರಸ್ತೆಯಲ್ಲಿ ದೂಳು ಎದ್ದು, ದಪ್ಪ ಹನಿ ಬೀಳತೊಡಗಿತು. ನನಗೆ ಮೊದಲು ನೆನಪಾದದ್ದು ಕೋಟು. ಮುಂಜಾನೆ ಒಗೆದು ಹಾಕಿ ಬಂದಿದ್ದೆ. ಮೈಮೇಲಿದ್ದ ಕೋಟಿಗೆ ಟಾನಿಕ್ಕು ಚೆಲ್ಲಿ ಮಾಲೀಕರಿಂದ ಆಗಲೇ ಬೈಸಿಕೊಂಡಿದ್ದೆ. ಮರುದಿನಕ್ಕೆ ಅದೊಂದೇ ಗತಿ. ಫೋನು ಹಚ್ಚಿದೆ.

ಅತ್ತೆಯ ಸಣ್ಣ ಫೋನು ಎಲೆ ಅಡಿಕೆಯ ಚೀಲದಲ್ಲಿರುತ್ತಿತ್ತು. ಎತ್ತಿದರು.

"ಅತ್ತಿ, ಮಳಿ ಬರಾಕತ್ತೈತಿ. ನನ್ನ ಕೋಟು ತಗೀರಿ."

"ಇಲ್ಲೂ ಸುರು ಆಗೇತವ್ವಾ. ತಗೀತೇನಿ. ಕೋಲು ಎಲ್ಲಿಟ್ಟೇನೋ ಏನೋ, ನೋಡ್ತೇನಿ ತಡಿ."

ಕೌಂಟರಿನ ಮುಂದೆ ನಾಲ್ಕು ಜನ ನಿಂತಿದ್ದರು. ನನ್ನ ತಲೆ ಕೆಟ್ಟುಹೋಯಿತು.

"ಕೋಲು ಹುಡುಕೂದ್ರಾಗ ಕೋಟು ತೊಯ್ದು ತೊಪ್ಪಿ ಆಕ್ಕತಿ. ಏನಾಗಂಗಿಲ್ಲ, ಕೈಲೆ ತಗೀರಿ. ಜಲ್ದಿ."

"ಆತವ್ವಾ" ಎಂದರು.

ಅವರು ನನಗೆ ಹೇಳಿದ ಕಡೆಯ ಮಾತು ಅದು. ಅರ್ಧ ತಾಸಿಗೆ ಪಕ್ಕದ ಮನೆಯ ಹೆಣ್ಣುಮಗಳ ಫೋನು ಬಂತು. ಆಕೆ ಅಳುತ್ತ, ತೊದಲುತ್ತ ಹೇಳಿದ್ದರಲ್ಲಿ ನನಗೆ ತಿಳಿದದ್ದು ತಂತಿ ಎಂಬ ಒಂದು ಶಬ್ದ ಮಾತ್ರ. ಕೋಟಿನಲ್ಲೇ ಹೊರಗೆ ಓಡಿ ಆಟೋ ಹತ್ತಿದೆ. ಗದಗಿನಿಂದ ಬೆಟಗೇರಿಗೆ ಎಷ್ಟು ದೂರ? ಆ ದಿನ ಆ ದಾರಿ ಮುಗಿಯಲೇ ಇಲ್ಲ.

ಪಕ್ಕದ ಮನೆಯಾಕೆ ಜಾಣೆ. ಬರೀ ಕೈಯಿಂದ ಮುಟ್ಟದೆ, ಮೊದಲು ಮೀಟರಿನ ಫ್ಯೂಸು ಕಿತ್ತಿದ್ದಳು. ಆದರೂ ಹೊತ್ತು ಮೀರಿತ್ತು. ಅತ್ತೆ ಬೇವಿನ ಗಿಡದ ಹತ್ತಿರ, ಕೆಸರಿನಲ್ಲಿ, ಒಂದು ಮಗ್ಗುಲಾಗಿ ಬಿದ್ದಿದ್ದರು. ಕೋಟು ಅವರ ಎದೆಯ ಕೆಳಗಿತ್ತು. ಬಲಗೈಯ ಬೆರಳುಗಳ ಒಳಮಗ್ಗುಲು ಕಪ್ಪಗೆ ಸುಟ್ಟ ಗೆರೆ. ಕೋಲು ಬಾಗಿಲಿನ ಒಳಗೆ, ದಿನಾ ಇರುವಲ್ಲೇ, ಒಣಗಿಕೊಂಡು ನಿಂತಿತ್ತು.

ಕಾರಣ ಸಣ್ಣದು. ಬಚ್ಚಲಿನೊಳಗಿನ ಬಲ್ಬಿಗೂ ಸ್ವಿಚ್ಚಿಗೂ ನನ್ನ ಗಂಡನೇ ಹಿಂದೊಮ್ಮೆ ತಗಡಿನ ಮೇಲಿಂದ ವೈರು ಎಳೆದಿದ್ದರು. ಗಾಳಿಗೆ ಅದು ತಗಡಿನ ಅಂಚಿಗೆ ತಿಕ್ಕಿ ತಿಕ್ಕಿ ಮೇಲಿನ ಸಿಪ್ಪೆ ಹರಿದಿತ್ತು. ಗಾಳಿ ಬೀಸಿ ವೈರು ತಗಡಿಗೆ ತಾಗಿದಾಗ ತಂತಿಗೆ ಕರೆಂಟು, ಸರಿದಾಗ ಇಲ್ಲ. ಒಮ್ಮೊಮ್ಮಿ ಎಂದು ಅತ್ತೆ ಹೇಳಿದ್ದು ಅದನ್ನೇ. ನೋಡಲಿಕ್ಕೆ ಬಂದ ಲೈನ್‌ಮನ್ ಕೇಳಿದ, "ಮೊದಲ ಯಾರಿಗೂ ಜುಮ್ ಅಂದಿರಲಿಲ್ಲೇನ್ರಿ?" ನನ್ನ ಗಂಡ ಇಲ್ಲ ಎಂದರು. ಅವರ ತಾಯಿ ನನಗೆ ಮಾತ್ರ ಹೇಳಿದ್ದರು. ಔಷಧದ ವಿಷಯ ಎಂದರೆ ಮನೆಯಲ್ಲಿ ನಾನಲ್ಲವೇ? ಲೈನ್‌ಮನ್‌ಗೆ ನೀರು ತರುವ ನೆಪದಲ್ಲಿ ಒಳಗೆ ಹೋದೆ.

ದವಾಖಾನೆಯಿಂದ ದೇಹ ಬಂದದ್ದು ಮರುದಿನ. ಮಣ್ಣು ಮಾಡಿ ಬಂದ ಮೇಲೆ, ಅಸುಂಡಿಯಿಂದ ಬಂದಿದ್ದ ಅವರ ತಂಗಿ ನನ್ನ ತಲೆ ಸವರಿ, "ಭಾಳ ಒದ್ದಾಡಲಿಲ್ಲಂತ, ಅಷ್ಟ ಸಮಾಧಾನ ಮಾಡ್ಕೋ. ಮಗಳಂಗ ನೋಡ್ಕೊಂಡಿ ಆಕಿನ್ನ" ಎಂದರು. ನಾನು ಅವರ ಕೈ ಸರಿಸಿ ಎದ್ದು ಹಿತ್ತಲಿಗೆ ಹೋದೆ.

ದಿನ ಕಳೆದು ಅವರ ಟ್ರಂಕು ತೆಗೆದಾಗ ಹಗ್ಗದ ಸುರುಳಿ ಸಿಕ್ಕಿತು. ಅದರ ಕೆಳಗೆ ಒಂದು ಅರಿವೆಯ ಗಂಟು. ಬಿಚ್ಚಿದರೆ ಗುಳಿಗೆಯ ಖಾಲಿ ಶೀಟುಗಳು. ಓದು ಬಾರದವರು, ಗುಳಿಗೆ ಮುಗಿದಾಗ ನನಗೆ ತೋರಿಸಲಿಕ್ಕೆ ಎತ್ತಿಟ್ಟಿದ್ದವು. ಎಲ್ಲವೂ ಖಾಲಿ, ಒಂದೂ ತಪ್ಪಿಸಿರಲಿಲ್ಲ. ತಂತಿ ಮುಟ್ಟಿದರೆ ಜುಮ್ ಎನ್ನುವುದನ್ನು ಅವರ ಕೈ ಅವರಿಗೆ ಹೇಳುತ್ತಲೇ ಇತ್ತು. ಅವರು ಕೈಯ ಮಾತು ಬಿಟ್ಟು ನನ್ನ ಮಾತು ನಂಬಿ ಗುಳಿಗೆ ನುಂಗಿದ್ದರು. ಕೋಲಿನಷ್ಟು ಮಾತ್ರ ಕೈಯನ್ನು ನಂಬಿದ್ದರು. ಅದನ್ನೂ ನಾನು ಬಿಡಿಸಿದೆ.

ಕೆಲಸ ಬಿಟ್ಟಿಲ್ಲ, ಬಿಟ್ಟು ಏನು ಮಾಡಲಿ. ಮೊನ್ನೆ ಬೆಳ್ಳಟ್ಟಿಯ ಹೆಣ್ಣುಮಗಳೊಬ್ಬಳು ಬಂದು ಕೈ ಚಾಚಿ ಜುಮ್ ಅಂತಾವ ಎಂದಳು. ಏನು ಮುಟ್ಟಿದಾಗ ಎಂದು ಕೇಳಿದೆ. ಆಕೆಗೆ ಅರ್ಥವಾಗಲಿಲ್ಲ. ಮತ್ತೆ ಮತ್ತೆ ಕೇಳಿದೆ. ಹಿಂದಿನವರು ಗೊಣಗಿದರು, ಮಾಲೀಕರು ನನ್ನನ್ನು ಸರಿಸಿ ತಾವೇ ಗುಳಿಗೆ ಕೊಟ್ಟು ಕಳಿಸಿದರು.

ಈಗ ಹಿತ್ತಲಲ್ಲಿ ಅತ್ತೆಯ ಹಗ್ಗವೇ ಇದೆ. ಗಂಡ ಕಟ್ಟಿದರು. ಅರಿವೆ ಸಿಗಿಸಲಿಕ್ಕೆ ನನಗೆ ಇನ್ನೂ ಬರುವುದಿಲ್ಲ, ಬಿದ್ದದ್ದನ್ನು ಎತ್ತಿ ಮತ್ತೆ ಹಿಂಡುತ್ತೇನೆ.

ಕಳೆದ ವಾರ ಮಳೆ ಬಂತು. ಇಬ್ಬರೂ ಓಡಿ ಅರಿವೆ ತೆಗೆದು ಒಳಗೆ ಬಂದೆವು. ಗಂಡ ಬಾಗಿಲ ಹಿಂದಿನ ಕೋಲಿನ ಮೇಲೆ ಕೈಯಾಡಿಸಿದರು. ಆ ಕೋಲನ್ನು ನಾವಿಬ್ಬರೂ ಎಸೆದಿಲ್ಲ.

"ಒಂದು ತಿಳಿಯಂಗಿಲ್ಲ ನೋಡು" ಎಂದರು. "ಅವ್ವ ದಿನಾ ಕೋಲಿಲೆ ತಗೀತಿದ್ಲು. ಅವತ್ತೊಂದಿನ ಕೈ ಯಾಕ ಹಾಕಿದ್ಲು?"

ಈ ಪ್ರಶ್ನೆ ಅವರು ಮೊದಲೂ ಕೇಳಿದ್ದಾರೆ. ಮಳೆ ಎಂದು ತಿಳಿಸಲು ಫೋನು ಮಾಡಿದ್ದೆ ಎಂದಷ್ಟೇ ಅವರಿಗೆ ಹೇಳಿದ್ದೇನೆ.

"ಮಳಿ ಬಂತಲ್ಲ. ಜಲ್ದಿ ಆಗಿರಬೇಕು" ಎಂದೆ.

"ಅವ್ವಗ ಎಂದರ ಜಲ್ದಿ ಇತ್ತೇನು?" ಎಂದು ಅವರು ಮಗ್ಗದ ಕಡೆ ಹೋದರು.

ಇರಲಿಲ್ಲ. ಜಲ್ದಿ ಇದ್ದದ್ದು ನನಗೆ.