ಲಾವೋಸಿನ ಬೀಗಿತ್ತಿ ಮೂಸಿದ ಕೈ

ಕೊಳ್ಳೇಗಾಲದ ಅಂಚಿನಲ್ಲಿರುವ ಆ ಶೆಡ್ಡಿನಲ್ಲಿ ಬೆಳಗಿನ ಐದೂವರೆಗೇ ಒಲೆ ಉರಿಯುತ್ತಿದೆ. ಬಾಣಲೆಯ ಕುದಿನೀರಿನಲ್ಲಿ ರೇಷ್ಮೆಗೂಡುಗಳು ಕುಣಿಯುತ್ತಿವೆ. ಅದರ ಮುಂದೆ, ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ಕೂತಿರುವವರು ಮುಳ್ಳೂರಿನ ಚಿಕ್ಕನಿಂಗಮ್ಮ. ಅವರ ಬೆರಳು ಬಿಸಿನೀರಿಗಿಳಿದು ಎಳೆಯ ತುದಿ ಹಿಡಿದು ಚರಕಕ್ಕೆ ಕೊಡುತ್ತದೆ. ಪಕ್ಕದ ತಣ್ಣೀರಿನ ಚೊಂಬಿಗೆ ಒಮ್ಮೆ ಅದ್ದಿ, ಮತ್ತೆ ಬಿಸಿನೀರಿಗೆ. ನೋಡುವವರ ಬೆರಳು ಚುರ್ ಎನ್ನುತ್ತದೆ. ಅವರು ಮಾತ್ರ ಪಕ್ಕದಲ್ಲಿ ಒಣಗಿದ ನೂಲಿನ ಲಡಿ ಕಟ್ಟುವ ಯಶೋದಳ ಜೊತೆ ನಿನ್ನೆಯ ಸಾರಿಗೆ ಉಪ್ಪು ಹೆಚ್ಚಾದ ಕಥೆ ಹೇಳುತ್ತಿದ್ದಾರೆ.

ನೂಲೆಲ್ಲ ಬಿಚ್ಚಿಕೊಂಡ ಮೇಲೆ ಉಳಿಯುವುದು ಒಳಗಿನ ಬೆಂದ ಹುಳು. ಅದನ್ನು ಟಬ್ಬಿಗೆ ಎಸೆಯುತ್ತಾರೆ, ಮಧ್ಯಾಹ್ನ ಕೋಳಿಮೇವಿನವರು ಬಂದು ಒಯ್ಯುತ್ತಾರೆ. ವಾಸನೆಯನ್ನು ಮಾತ್ರ ಯಾರೂ ಒಯ್ಯುವುದಿಲ್ಲ. ರೇಷ್ಮೆ ಸೀರೆ ಉಟ್ಟು ಮೆರೆಯುವವರ ಮೂಗಿಗೆ ಅದರ ಪರಿಚಯವೇ ಇಲ್ಲ.

ಮೂವತ್ತೊಂದು ವರ್ಷದಿಂದ ಇದೇ ಕೆಲಸ. ದಿನಕ್ಕೆ ಆರು ಕೆ.ಜಿ. ಗೂಡು, ಅಂದರೆ ಮೂರು ಸಾವಿರಕ್ಕೂ ಹೆಚ್ಚು. ಒಂದೊಂದರಲ್ಲೂ ಮುಕ್ಕಾಲು ಕಿಲೋಮೀಟರಿನಷ್ಟು ಎಳೆ. ಈ ಲೆಕ್ಕ ಕೇಳಿ ಅವರಿಗೆ ನಗು. “ಅಷ್ಟ್ ದೂರ ನಡ್ದಿದ್ರೆ ಮಾದಪ್ಪನ ಬೆಟ್ಟಕ್ಕೆ ಓಗಿ ಬಂದು ಓಗಿ ಬಂದು ಕಾಲೇ ಸವ್ದೋಗದು ಸಾ. ನಾನು ಕೂತ ಜಾಗ ಬುಟ್ಟು ಅಳ್ಳಾಡ್ನಿಲ್ಲ.”

ಬೆಂದ ಬೆರಳಿಗೆ ಹರಳೆಣ್ಣೆ ಇದೆ. ವಾಸನೆಗೆ ಮದ್ದಿಲ್ಲ. ಸೀಗೆಪುಡಿ, ಹುಣಸೆಹಣ್ಣು, ನಿಂಬೆಹಣ್ಣು ಎಲ್ಲವೂ ಸೋತಿವೆ. ಏಳು ವರ್ಷದ ಹಿಂದೆ ಮಗಳು ಪ್ರೇಮಾಳನ್ನು ಯಳಂದೂರಿಗೆ ಕೊಟ್ಟು ಮದುವೆ ಮಾಡಿದಾಗ, ಬೀಗರ ಪಂಕ್ತಿಗೆ ಬಡಿಸಲು ಸೌಟು ಹಿಡಿದು ಹೋದವರು ಇವರೇ. ಎರಡನೇ ಎಲೆಯ ಹತ್ತಿರ ಹೋಗುವಷ್ಟರಲ್ಲಿ ಪ್ರೇಮಾಳ ಅತ್ತೆ ಸೆರಗನ್ನು ಮೂಗಿಗೆ ಹಿಡಿದು, “ಬೇರೆಯವ್ರು ಬಡಿಸ್ಲಿ ಬುಡಿ” ಅಂದರು. ಚಿಕ್ಕನಿಂಗಮ್ಮ ಸೌಟನ್ನು ಬೆಂದ ಗೂಡು ಮುಟ್ಟದ ಯಶೋದಳ ಕೈಗೆ ಕೊಟ್ಟು ಹಿಂದೆ ಸರಿದರು. ಅಂದಿನಿಂದ ಬೀಗರು ಬಂದರೆ ಅಡುಗೆ ಇವರದು, ಬಡಿಸುವುದು ಇನ್ನೊಬ್ಬರು. ಅದನ್ನು ಹೇಳುವಾಗ ಇವತ್ತಿಗೂ ಅವರ ಕೈ ತಾನಾಗಿ ಸೆರಗಿನೊಳಗೆ ಹೋಗುತ್ತದೆ.

ಹೀಗೆ ಕೂತ ಜಾಗ ಬಿಟ್ಟು ಅಲ್ಲಾಡದವರು ಕಳೆದ ವರ್ಷ ವಿಮಾನ ಹತ್ತಿದರು. ತಾಯಿ ಸತ್ತ ಮೇಲೆ ಇವರೇ ಸಾಕಿ ಬೆಳೆಸಿದ ತಮ್ಮ ಮಾದೇಶ್, ನೂಲು ತೆಗೆಯುವ ಮಿಷನ್ನಿನ ಮೆಕ್ಯಾನಿಕ್. ಕೆಲಸದ ಮೇಲೆ ಲಾವೋಸ್ ದೇಶಕ್ಕೆ ಹೋದವನು ಅಲ್ಲೇ ಚಂತಲಾ ಎಂಬ ಹುಡುಗಿಯನ್ನು ಮದುವೆಯಾಗಿ ನಿಂತ. ಅಕ್ಕ ಒಮ್ಮೆ ಬರಲೇಬೇಕೆಂದು ಟಿಕೆಟ್ ಕಳಿಸಿದ. ಪಾಸ್‌ಪೋರ್ಟಿಗೆ ಬೆಂದು ಸವೆದ ಬೆರಳೊತ್ತಿದರೆ ಗೆರೆಯೇ ಬೀಳದು. ಐದನೇ ಸಲಕ್ಕೆ ಮಿಷನ್ ಒಪ್ಪಿಕೊಂಡಿತು. ಶೆಡ್ಡಿನ ಮಾಲೀಕರಾದ ಶಾಂತಮೂರ್ತಿ ಇಪ್ಪತ್ತು ದಿನ ರಜೆ ಕೊಟ್ಟು, “ಅಲ್ಲಿ ಆವು ಗೀವು ತಿಂದ್ಬುಟ್ಟೀಯೆ, ಉಷಾರು” ಎಂದು ಕಳಿಸಿದರು.

ಮೊದಲ ಊಟದಲ್ಲೇ ಎಡವಟ್ಟು. ಬಿದಿರಿನ ಪುಟ್ಟ ಬುಟ್ಟಿಯಲ್ಲಿ ಹಬೆಯಾಡುವ ಅಂಟು ಅನ್ನ ಬಂತು. ಮನೆಯವರೆಲ್ಲ ಬೆರಳಲ್ಲಿ ಮುರಿದು, ಉಂಡೆ ಕಟ್ಟಿ, ಸುಟ್ಟ ಮೆಣಸಿನಕಾಯಿ ಕುಟ್ಟಿದ ಚಟ್ನಿಗೆ ಅದ್ದಿಕೊಳ್ಳುತ್ತಿದ್ದರು. ಉಂಡೆ ಕಂಡದ್ದೇ ತಡ, ಇವರ ಗಂಟಲಿಗೆ ರಾಗಿಮುದ್ದೆಯ ನೆನಪಾಯಿತು. ಅಗಿಯದೆ ನುಂಗಿಬಿಟ್ಟರು. ಮುದ್ದೆ ಜಾರುತ್ತದೆ, ಆ ಅನ್ನ ಜಾರುವುದಿಲ್ಲ. “ಅಲ್ಲೇ ಕಚ್ಕಂಡ್ ಕೂತ್ಕಬುಡ್ತು ಸಾ. ಕಣ್ಣೆಲ್ಲ ಮೇಕ್ ಓದೊ. ಪರದೇಸ್ದಲ್ಲಿ ಅನ್ನ ಗಂಟ್ಲಿಗ್ ಸಿಕ್ಕಂಡ್ ಸತ್ಲು ಅಂತ ಊರಲ್ಲಿ ಆಡ್ಕಳದೊಂದು ಬಾಕಿ.” ಆಗ ಎದ್ದು ಬಂದು ಬೆನ್ನಿಗೆ ದಬದಬನೆ ಗುದ್ದಿದವರು ಚಂತಲಾಳ ತಾಯಿ ಬುನ್ಮಿ, ಎಪ್ಪತ್ತರ ಹಣ್ಣುಮುದುಕಿ. ಅನ್ನ ಇಳಿಯಿತು, ಮನೆಯೆಲ್ಲ ನಕ್ಕಿತು. ಅಗಿಯುವುದನ್ನು ಬುನ್ಮಿ ಹಲ್ಲು ತೋರಿಸಿ ತೋರಿಸಿ ಕಲಿಸಿದರು.

ಆಮೇಲೆ ಊಟದ ಸಂಭ್ರಮವೋ ಸಂಭ್ರಮ. ಕಳಲೆ ಸಾರು ಥೇಟ್ ಹನೂರು ಕಡೆಯದೇ. ಪರಂಗಿಕಾಯಿಯನ್ನು ಎಳೆ ಎಳೆಯಾಗಿ ಹೆಚ್ಚಿ ಒರಳಲ್ಲಿ ಜಜ್ಜಿದ ಕೋಸಂಬರಿಗೆ ಸುರಿದ ಮೀನಿನ ರಸ ಮೊದಲ ದಿನ ಹಿಡಿಸಲಿಲ್ಲ, ಮೂರನೇ ದಿನ ಇವರೇ ಕೇಳಿ ಹಾಕಿಸಿಕೊಂಡರು. ತೆಂಗಿನಹಾಲು ಬೆರೆಸಿ ಬಿದಿರಿನ ಅಂಡೆಯಲ್ಲಿ ಸುಟ್ಟ ಸಿಹಿ ಅನ್ನವನ್ನು ಮುರಿದು ತಿನ್ನುತ್ತಾ ಸಂತೆಯೆಲ್ಲ ಸುತ್ತಿದರು. ದಾರಿಯಲ್ಲಿ ಸಿಕ್ಕವರೆಲ್ಲ ಏನೋ ಕೇಳುತ್ತಾರೆ, ಏನದು ಎಂದು ತಮ್ಮನನ್ನು ಕೇಳಿದರೆ, “ಊಟ ಆಯ್ತಾ” ಅಂತಂತೆ! ಇದನ್ನು ತಿಳಿದ ಮೇಲೆ ಇವರಿಗೆ ಅದು ಪರದೇಶ ಅನ್ನಿಸಲಿಲ್ಲ.

ಆ ಸಂತೆಯಲ್ಲೇ ಒಂದು ಬೆಳಿಗ್ಗೆ ಅವರ ಕಾಲು ನಿಂತುಹೋಯಿತು. ಬಾಳೆಲೆಯ ಮೇಲೆ ರಾಶಿ ರಾಶಿ ಕಂದು ಹುಳು, ನಿಂಬೆಹುಲ್ಲಿನ ಜೊತೆ ಗರಿಗರಿಯಾಗಿ ಹುರಿದದ್ದು. ಜನ ಕೊಂಡು ಬಾಯಿಗೆ ಹಾಕಿಕೊಳ್ಳುತ್ತಿದ್ದಾರೆ. “ಲೇ ಮಾದೇಶ, ಇದು ನಮ್ ಉಳ ಕಣ್ಲಾ!” ಎಂದು ಕೂಗಿಯೇ ಬಿಟ್ಟರು. ಹಿತ್ತಲ ಗಿಡ ಮದ್ದಲ್ಲ ಅನ್ನುತ್ತಾರಲ್ಲ, ಮೂವತ್ತು ವರ್ಷ ಇವರು ಟಬ್ಬಿಗೆ ಎಸೆದದ್ದು ಇಲ್ಲಿ ಸಂತೆಯ ತಿಂಡಿ.

ಅಕ್ಕ ಊರಲ್ಲಿ ಇದೇ ಕೆಲಸ ಮಾಡುವುದೆಂದು ಮಾದೇಶ್ ಜೊತೆಗಿದ್ದ ಅತ್ತೆಗೆ ಹೇಳಿದ. ಬುನ್ಮಿ ಇವರ ಕೈ ಹಿಡಿದೆಳೆದು ಮೂಗಿನ ಹತ್ತಿರ ಒಯ್ದರು. ಚಿಕ್ಕನಿಂಗಮ್ಮ ಕೈ ಹಿಂದಕ್ಕೆಳೆದರು. ಮುದುಕಿ ಬಿಡಲಿಲ್ಲ. ಉಸಿರೆಳೆದು ಮೂಸಿದರು, ನಕ್ಕರು. ಆಮೇಲೆ ತಮ್ಮ ಕೈಯನ್ನೇ ಇವರ ಮೂಗಿಗೆ ಹಿಡಿದರು. ಕಂಬಗಳ ಮೇಲೆ ನಿಂತ ಮನೆಯ ಕೆಳಗೆ ಮಡಕೆಯಲ್ಲಿ ಗೂಡು ಬೇಯಿಸಿ ವರ್ಷಗಟ್ಟಲೆ ನೂಲು ತೆಗೆದ ಕೈ ಅದು. “ಅದೇ ವಾಸ್ನೆ ಸಾ. ನಂದೇ ಕೈಯ್ಯೇನೋ ಅನ್ನಂಗೆ. ಸಂತೆ ಮಧ್ಯದಲ್ಲಿ ನಿಂತ್ಕಂಡು ಅತ್ಬುಟ್ಟೆ.”

ಹುಳು ತಿಂದರೇ? “ಒಂದ್ ತಿಂದಿ. ಉರ್ದ ಕಳ್ಳೇಕಾಯಿ ಇದ್ದಂಗೆ. ಸುಳ್ ಯಾಕೆ, ಆಮೇಲೆ ಒಂದ್ ಇಡಿ ತಿಂದಿ.” ಊರಿಗೆ ಮರಳಿದ ಮೇಲೆ ಇದನ್ನು ಕೇಳಿದ ಗಂಡ ಗೋವಿಂದಯ್ಯ ಎರಡು ದಿನ ಅವರ ಹತ್ತಿರ ಕೂರಲಿಲ್ಲವಂತೆ. ಅಲ್ಲಿ ಲಾವೋಸಿನಲ್ಲಾದರೆ, ಸಂತೆಯ ಮರುದಿನ ಬೆಳಗಿನಿಂದ ಆ ಮನೆಯಲ್ಲಿ ಹಬೆಯಿಂದಿಳಿದ ಅನ್ನ ತಿರುವಿ, ಬುಟ್ಟಿ ತುಂಬಿ, ಎಲ್ಲರ ಮುಂದಿಡುವ ಕೆಲಸವನ್ನು ಬುನ್ಮಿ ಇವರಿಗೇ ಒಪ್ಪಿಸಿದರು. ಯಾರೂ ಮೂಗು ಮುಚ್ಚಲಿಲ್ಲ.

ಈಗ ಬುನ್ಮಿ ಬರುವ ಸರದಿ. ಮುಂದಿನ ಭಾನುವಾರ ಮಗಳು ಅಳಿಯನ ಜೊತೆ ಮುಳ್ಳೂರಿಗೆ ಬರುತ್ತಿದ್ದಾರೆ. ಪ್ರೇಮಾಳ ಅತ್ತೆಯನ್ನೂ ಕರೆದಾಗಿದೆ. ನಿನ್ನೆ ಪ್ರೇಮಾ ಫೋನಿನಲ್ಲಿ ಅಳುಕುತ್ತಲೇ, “ಅವ್ವ, ಬಡ್ಸಾಕೆ ಯಶೋದಕ್ಕನ್ನ ಕರ್ಕೋತೀಯಲ್ವಾ?” ಎಂದಳು. ಏನು ಹೇಳಿದಿರಿ ಎಂದರೆ ಚಿಕ್ಕನಿಂಗಮ್ಮ ಚರಕ ನಿಲ್ಲಿಸದೆ ಉತ್ತರಿಸುತ್ತಾರೆ.

“ನಾನೇ ಇಕ್ತೀನಿ ಅಂದೆ. ಇಬ್ರೂ ಬೀಗಿತ್ತೀರು ಅಕ್ಕಪಕ್ಕ ಕೂರ್ಲಿ. ಯಳಂದೂರೋರ್ಗೆ ಬ್ಯಾಡ ಅಂದ್ರೆ ಎದ್ದೋಗ್ಲಿ, ನಾನಂತೂ ಸೌಟು ಬುಡಾಕಿಲ್ಲ.”

ಇನ್ನೊಂದು ಗೂಡಿನ ಹುಳು ಟಬ್ಬಿಗೆ ಬೀಳುತ್ತದೆ. ಅವರಿಗೆ ಇನ್ನೇನೋ ನೆನಪಾಗಿ ನಗು ಬರುತ್ತದೆ.

“ಆ ಮುದ್ಕಿಗೆ ಮುದ್ದೆ ಅಗಿಬ್ಯಾಡ, ನುಂಗು ಅಂತ ಏಳ್ಕೊಡ್ಬೇಕು ಸಾ. ಸಿಕ್ಕಾಕ್ಕಂಡ್ರೆ ಬೆನ್ನಿಗ್ ಗುದ್ದಾಕೆ ಈ ಕೈ ಇದ್ದೇ ಅದೆ.”